ದುರ್ಗದರ್ಶನ

ದುರ್ಗವೆಂದರೆ ಸುಲಭವಾಗಿ ಹೊಗಲಾಗದ ಸ್ಥಳವೆಂದು ಅರ್ಥ. ಕೌಟಿಲ್ಯನು ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ನಾಲ್ಕು ಬಗೆಯನ್ನು ಹೇಳಿದನು. ಮನುವು ಆರನ್ನು ಎಣಿಸಿದನು. ಎಣಿಕೆಯು ಹೇಗಾದರೂ ಇರಲಿ, ಪರರು ಒಳಗೆ ಬರಬಾರದೆಂಬುದೇ ಅವೆಲ್ಲವುಗಳ ಸಾಮಾನ್ಯ ಲಕ್ಷಣ. ಈಗಲಾದರೋ ಲೋಕದ ಹೆಸರಾಂತ ದುರ್ಗಗಳ ಬಾಗಿಲಲ್ಲಿ ಟಿಕೀಟು ಕೊಂಡವರನ್ನೆಲ್ಲ ಆದರದಿಂದ ಒಳಕ್ಕೆ ಬಿಡುತ್ತಾರೆ. ದುರ್ಗವು ಸುಗಮವಾಗಿದೆ, ವೈಯಾಕರಣರು ಹೆಸರನ್ನೇ ಬದಲಿಸಬೇಕಾದೀತು. ಎಳೆಯ ಮಕ್ಕಳಿಗೂ ಅಡ್ಡಿಯಿಲ್ಲದಂತಾದ ಮೇಲೆ, ಹಾಗೆ ಒಳಹೊಕ್ಕವನಿಗೆ ಏನಾದರೂ ಕರ್ತವ್ಯವುಂಟೇ? ಒಂದು ಜನಾಂಗವನ್ನು ಅಡಗಿಸಿಡುವುದಕ್ಕಾಗಿಯೇ ಎಬ್ಬಿಸಿದ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವ ಸಂಸಾರವು ತಪ್ಪು ಮಾಡುತ್ತಿದೆಯೇ? ಪ್ರಶ್ನೆಯು ಸಣ್ಣದಾಗಿ ಕಾಣಬಹುದು. ಆದರೆ ಜೊತೆಯಲ್ಲಿ ಮಕ್ಕಳಿರುವಾಗ ಸಣ್ಣ ಪ್ರಶ್ನೆಯೆಂಬುದು ಯಾವುದೂ ಇಲ್ಲ.

ಇದನ್ನು ವಿಚಾರಮಾಡುವುದಕ್ಕೆ ಬ್ರಿಟನ್ನಿನ ಪಶ್ಚಿಮಭಾಗದಲ್ಲಿರುವ ವೇಲ್ಸ್ ನಾಡು ತಕ್ಕ ಸ್ಥಳವಾಗಿದೆ. ಬೇಸಿಗೆಯ ರಜೆ ಬಂದಿತೆಂದರೆ ಇಂಗ್ಲೆಂಡಿನ ಅನೇಕ ಸಂಸಾರಗಳು ಕ್ಯಾರವಾನ್ ಎಂಬ ಗಾಲಿಮನೆಯನ್ನು ಮೋಟಾರಿನ ಹಿಂದೆ ಕೊಂಡಿಹಾಕಿಕೊಂಡು ಆ ನಾಡಿನ ಕಡಲ ತಡಿಗೆ ಹೊರಡುತ್ತವೆ. ಅದರೊಳಗೆ ಒಲೆಯುಂಟು, ನೀರಿನ ತೊಟ್ಟಿಯುಂಟು, ಗೋಡೆಗೆ ಹೊಂದಿಸಿದ ಕಿರಿದಾದ ಮಂಚಗಳುಂಟು. ಹಗಲು ಊಟದ ಮೇಜಾದದ್ದು ರಾತ್ರಿ ಹಾಸಿಗೆಯಾಗುತ್ತದೆ. ಸಾಧಾರಣ ರಸ್ತೆಯಲ್ಲಿ ಇಂತಹ ಗಾಡಿಯು ಗಂಟೆಗೆ 50 ಮೈಲಿಗಿಂತ ವೇಗವಾಗಿ ಹೋಗಕೂಡದೆಂದು ಕಾಯಿದೆ. ಆದಕಾರಣ ಅದರ ಹಿಂದೆ ಸಿಕ್ಕಿಕೊಂಡವರು ಗೊಣಗುವುದೂ, ಮುಂದಿರುವವರು ಸಾವಧಾನವಾಗಿ ಬೆಟ್ಟಗುಡ್ಡಗಳನ್ನು ನೋಡುತ್ತ ಸಾಗುವುದೂ ಪ್ರತಿವರ್ಷದ ಸಂಪ್ರದಾಯ.

ವಿನೋದಕ್ಕಾಗಿ ಹೀಗೆ ಮನೆಯನ್ನೇ ಎಳೆದುಕೊಂಡು ತಿರುಗುವ ಪದ್ಧತಿಗೆ ಮೇಲ್ಪಂಕ್ತಿ ಹಾಕಿದವನು ಗೋರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಅವನು 1885ರಲ್ಲಿ 'ವಾಂಡರರ್' ಎಂಬ ಗಾಡಿಮನೆಯನ್ನು ಮಾಡಿಸಿ ಕುದುರೆಗಳಿಂದ ಎಳೆಸಿಕೊಂಡು ದೇಶಸಂಚಾರ ಮಾಡಿದನು. ಆದರೆ ಅವನಿಗಿಂತ ಮೊದಲೇ ಗಾಡಿಯನ್ನು ಮನೆಮಾಡಿಕೊಂಡಿದ್ದ ಒಂದು ಜನವು ಅಲ್ಲಿ ಇತ್ತು: ಜಿಪ್ಸಿಗಳೆಂದು ಕರೆಯಲ್ಪಡುವ ರೋಮಾನಿ ಜನರು. ಅವರ ಪೂರ್ವಿಕರು ಭರತಖಂಡದಿಂದ ಹೋದವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಅವರು ಇಂಗ್ಲೆಂಡಿನಲ್ಲಿರುವುದೇ ಮರಣದಂಡನೆಗೆ ತಕ್ಕ ಅಪರಾಧವೆಂದು 1554ರಲ್ಲಿ ಶಾಸನವಾಗಿತ್ತು. ಅವರ ಗಾಡಿಗಳಿಗೆ ತಂಗುದಾಣವನ್ನು ಒದಗಿಸಬೇಕೆಂದು 1968ರಲ್ಲಿ ಸ್ಥಳೀಯ ಆಡಳಿತಗಳ ಮೇಲೆ ಹೊರಿಸಿದ ಹೊಣೆಯನ್ನು 1994ರಲ್ಲಿ ತೆಗೆದುಹಾಕಲಾಯಿತು. ವೇಲ್ಸಿನವರು ಮಾತ್ರ 2014ರ ಶಾಸನದಿಂದ ಅದನ್ನು ಮರಳಿ ತಂದರು. ಗಾಲಿಯ ಮೇಲಿನ ಮನೆ ಒಂದೇ. ರಜೆಗೆ ಬಂದವನದಾದರೆ ಸ್ವಾಗತ, ಬದುಕಲು ಬಂದವನದಾದರೆ ನೋಟೀಸು. ಇದು ಪ್ರಕೃತಕ್ಕೆ ಸ್ವಲ್ಪ ಹೊರಗಿನ ಮಾತು. ಆದರೂ ಕೋಟೆಯನ್ನು ನೋಡಲು ಹೊರಟವರು ತಾವು ಏರಿದ ವಾಹನದ ಕಥೆಯನ್ನೂ ಅರಿತಿದ್ದರೆ ಕೆಡುಕೇನೂ ಇಲ್ಲ.

ಕನ್ನಡನಾಡಿನಿಂದ ಹೋಗಿ ಅಲ್ಲಿ ಉದ್ಯೋಗದಲ್ಲಿ ನೆಲೆಸಿದ ಸಂಸಾರಗಳೂ ಈಗ ಈ ಸಂಚಾರದ ರುಚಿಯನ್ನು ಕಂಡಿವೆ. ಅಂಥದೊಂದನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು: ತಂದೆ, ತಾಯಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ. ಅವರು ವೇಲ್ಸಿನ ಉತ್ತರದ ಕರಾವಳಿಯನ್ನು ಹಿಡಿದು ಕಾನ್ವಿ, ಬೊಮಾರಿಸ್, ಕೆನಾರ್ವನ್, ಹಾರ್ಲೆಕ್ ಎಂಬ ನಾಲ್ಕು ಕೋಟೆಗಳನ್ನು ನೋಡಿಕೊಂಡು, ಹಿಂದಿರುಗುವಾಗ ಪೊವಿಸ್ ಎಂಬ ಐದನೆಯದಕ್ಕೆ ಬರುತ್ತಾರೆಂದು ಇಟ್ಟುಕೊಳ್ಳೋಣ. ಮೊದಲ ನಾಲ್ಕರಲ್ಲಿ ಅವರ ಉಲ್ಲಾಸಕ್ಕೆ ಎಣೆಯಿಲ್ಲ. ಕಾನ್ವಿಯ ಎಂಟು ಬುರುಜುಗಳನ್ನು ಹುಡುಗನು ಎರಡೆರಡು ಸಲ ಎಣಿಸುತ್ತಾನೆ. ಊರನ್ನು ಸುತ್ತಿದ ಗೋಡೆಗೆ ಇನ್ನೂ 21 ಬುರುಜುಗಳುಂಟೆಂದು ತಂದೆಯು ಹೇಳಿದಾಗ ಅವನ ಕಣ್ಣು ಅರಳುತ್ತದೆ. ಹಾರ್ಲೆಕ್ಕಿನ ಬಂಡೆಯಿಂದ ಕೆಳಗೆ ನೋಡಿ, ಹಿಂದೆ ಇದರ ಬುಡದವರೆಗೂ ಸಮುದ್ರವಿತ್ತು, ಈಗ ಅದು ದೂರ ಸರಿದಿದೆ ಎಂದು ಕೇಳಿ ಎಲ್ಲರೂ ಆಶ್ಚರ್ಯಪಡುತ್ತಾರೆ. ಹುಡುಗನಿಗೆ ಒಂದು ಮರದ ಕತ್ತಿಯೂ ದೊರೆಯುತ್ತದೆ. ಇದರಲ್ಲಿ ದೋಷವೇನು?

ದೋಷವುಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಮೊದಲು ಆ ಗೋಡೆಗಳು ಎದ್ದ ಬಗೆಯನ್ನು ತಿಳಿಯಬೇಕು. ವೇಲ್ಸಿನ ಕೊನೆಯ ಸ್ವತಂತ್ರ ರಾಜನಾದ ಲುವೆಲಿನ್ 1282ರ ಡಿಸೆಂಬರಿನಲ್ಲಿ ಯುದ್ಧದಲ್ಲಿ ಮಡಿದನು. ಅವನ ತಮ್ಮನಾದ ದಾವಿದ್ ಮರುವರ್ಷ ಸೆರೆಸಿಕ್ಕಿ ಷ್ರೂಸ್‌ಬರಿಯಲ್ಲಿ ಘೋರವಾಗಿ ಕೊಲ್ಲಲ್ಪಟ್ಟನು. ಗೆದ್ದ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್, ಸೋತ ನಾಡು ಮತ್ತೆ ತಲೆಯೆತ್ತದಿರಲೆಂದು ಕರಾವಳಿಯ ಸುತ್ತ ಕೋಟೆಗಳನ್ನು ಎಬ್ಬಿಸಿದನು. ಸವಾಯ್ ದೇಶದ ಜೇಮ್ಸ್ ಎಂಬ ಸ್ಥಪತಿಯು ಆ ಕೆಲಸದ ಯಜಮಾನನಾಗಿದ್ದನು. ಕಾನ್ವಿಯ ಕೆಲಸವು 1283ರಿಂದ 1287ರ ವರೆಗಿನ ನಾಲ್ಕೇ ವರ್ಷಗಳಲ್ಲಿ ಬಹುಮಟ್ಟಿಗೆ ಮುಗಿಯಿತು. ಸುಮಾರು 15,000 ಪೌಂಡು ಅದಕ್ಕೆ ವೆಚ್ಚವಾಯಿತು. ಆ ಸ್ಥಳದಲ್ಲಿ ಮೊದಲು ವೇಲ್ಸಿನ ಅರಸರು ಪೋಷಿಸಿದ್ದ ಒಂದು ಮಠವಿತ್ತು. ಲುವೆಲಿನ್ನನ ಅಜ್ಜನ ಸಮಾಧಿಯೂ ಅಲ್ಲೇ ಇತ್ತು. ಮಠವನ್ನು ಬೇರೆಡೆಗೆ ಕಳಿಸಿ ಕೋಟೆಗೆ ಜಾಗ ಮಾಡಿದರು. ಕೋಟೆಯ ಮಗ್ಗುಲಿಗೆ ಗೋಡೆ ಸುತ್ತಿದ ಊರನ್ನು ಕಟ್ಟಿ ಅದರಲ್ಲಿ ಇಂಗ್ಲಿಷರನ್ನು ತಂದು ನೆಲೆಗೊಳಿಸಿದರು. ಆ ನಾಡಿನ ಮಕ್ಕಳಿಗೆ ಅಲ್ಲಿ ಪೌರರಾಗುವ ಅಧಿಕಾರವಿರಲಿಲ್ಲ. ಬೊಮಾರಿಸ್ ಕೋಟೆಗಾಗಿ ಪಕ್ಕದ ಲಾನ್‌ವೇಸ್ ಎಂಬ ಊರಿನವರನ್ನೇ ಎಬ್ಬಿಸಿ, ಆಂಗಲ್ಸೀ ದ್ವೀಪದ ಇನ್ನೊಂದು ಮೂಲೆಗೆ ಸಾಗಿಸಿದರು.

ಬೊಮಾರಿಸಿನ ವಿಷಯದಲ್ಲಿ ಜೇಮ್ಸನು 1296ರಲ್ಲಿ ದೊರೆಯ ಬೊಕ್ಕಸದವರಿಗೆ ಬರೆಯಿಸಿದ ಒಂದು ಪತ್ರವು ಉಳಿದುಬಂದಿದೆ. ಕೋಟೆಯನ್ನು ನೋಡಹೋಗುವವರು ಬುರುಜುಗಳ ಎತ್ತರಕ್ಕಿಂತ ಮೊದಲು ಆ ಪತ್ರವನ್ನು ತಿಳಿಯುವುದು ಲೇಸು. 400 ಮಂದಿ ಕಲ್ಲುಕುಟಿಗರು, 2,000 ಕೂಲಿಗಳು, ಕಲ್ಲುಗಣಿಯಲ್ಲಿ 200 ಮಂದಿ, 30 ಮಂದಿ ಕಮ್ಮಾರರು, ಬಡಗಿಗಳು, 100 ಬಂಡಿಗಳು, 60 ದೊಡ್ಡ ಗಾಡಿಗಳು, ಕಲ್ಲನ್ನೂ ಕಲ್ಲಿದ್ದಲನ್ನೂ ತರುವ 30 ದೋಣಿಗಳು ಎಂದು ಅವನು ಲೆಕ್ಕ ಒಪ್ಪಿಸುತ್ತಾನೆ. ಅನಂತರ ಆ ಜನಕ್ಕೆ ಕೂಲಿ ಬಾಕಿ ನಿಂತಿದೆಯೆಂದೂ, ಹೊಟ್ಟೆಗೆ ಗತಿಯಿಲ್ಲದುದರಿಂದ ಅವರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿದೆಯೆಂದೂ ಮೊರೆಯಿಡುತ್ತಾನೆ. ಹಣ ಸಾಲದೆ ಆ ಕೋಟೆಯು ಎಂದಿಗೂ ಪೂರ್ತಿಯಾಗಲಿಲ್ಲ. ಸೋತವರ ದುಃಖವನ್ನು ಹೇಳುವಾಗ ಗೆದ್ದವನ ಕೂಲಿಗಳ ಹಸಿವೂ ಆ ಗೋಡೆಯಲ್ಲಿದೆಯೆಂಬುದನ್ನು ಮರೆಯಬಾರದು. ಹುಡುಗರು ಕೋಟೆಯಲ್ಲಿ ರಾಜನ ಆಟವಾಡುತ್ತಾರೆ, ಸೈನಿಕನ ಆಟವಾಡುತ್ತಾರೆ. ಕಲ್ಲು ಹೊತ್ತವನ ಆಟವನ್ನು ಯಾರೂ ಆಡುವುದಿಲ್ಲ.

ಇನ್ನು ಪೂರ್ವಪಕ್ಷ. ಏಳು ಶತಮಾನಗಳು ಕಳೆದುಹೋದವು. ಕಾಲವು ಎಲ್ಲ ರಕ್ತವನ್ನೂ ತೊಳೆಯುತ್ತದೆ. ಉಳಿದಿರುವುದು ಶಿಲ್ಪ, ಅದನ್ನು ನೋಡಿ ಆನಂದಿಸುವುದಷ್ಟೇ ಬುದ್ಧಿವಂತರ ಲಕ್ಷಣ ಎಂದು ಕೆಲವರು ವಾದಿಸುತ್ತಾರೆ. ಇದು ಅನುಕೂಲವಾದ ವಾದ. ಆದರೆ ಅನುಭವಕ್ಕೆ ವಿರುದ್ಧವಾದುದು. ಎಡ್ವರ್ಡನು ವೇಲ್ಸಿನಲ್ಲಿ 1277ರಲ್ಲಿ ಮೊಟ್ಟಮೊದಲು ಆರಂಭಿಸಿದ ಕೋಟೆಗಳಲ್ಲಿ ಫ್ಲಿಂಟ್ ಒಂದು. ಆ ಪಾಳುಗೋಡೆಯ ಬಳಿ ಬಹುದೊಡ್ಡದಾದ ಒಂದು ಲೋಹದ ಉಂಗುರವನ್ನು ಕಲಾಕೃತಿಯಾಗಿ ನಿಲ್ಲಿಸಬೇಕೆಂದು 2017ರಲ್ಲಿ ವೇಲ್ಸಿನ ಸರ್ಕಾರವೇ ಯೋಚಿಸಿತು. ಎಡ್ವರ್ಡನ ಕೋಟೆಗಳ ಸಾಲನ್ನು ಕಬ್ಬಿಣದ ಉಂಗುರವೆಂದು ಕರೆಯುವುದು ವಾಡಿಕೆ. ನಮ್ಮನ್ನು ಬಿಗಿದ ಸಂಕಲೆಯನ್ನು ನಮ್ಮ ಹಣದಿಂದಲೇ ಮತ್ತೆ ಮಾಡಿಸಬೇಕೇ ಎಂದು ಜನರು ಕೆರಳಿದರು. ಸಾವಿರಾರು ಮಂದಿ ಬಿನ್ನವತ್ತಳೆಗೆ ರುಜು ಹಾಕಿದರು. ಅದೇ ವರ್ಷ ಯೋಜನೆಯನ್ನು ಕೈಬಿಡಬೇಕಾಯಿತು. 740 ವರ್ಷಗಳಲ್ಲಿ ತೊಳೆಯದ ಕಲೆಯನ್ನು ಕಾಲವು ಇನ್ನೆಂದು ತೊಳೆದೀತು? ದುಃಖವು ಹಳೆಯದಾಯಿತೇ ಎಂದು ಹೇಳುವ ಅಧಿಕಾರವು ಅನುಭವಿಸಿದವರ ಸಂತತಿಗೆ ಸೇರಿದ್ದು, ರಜೆಗೆ ಬಂದವರಿಗಲ್ಲ.

ಹಾಗಾದರೆ ಕೋಟೆಗೆ ಹೋಗಲೇಬಾರದು, ಹೋದರೂ ಸೂತಕದವರಂತೆ ಮೋರೆಯಿಳಿಸಿಕೊಂಡಿರಬೇಕು ಎನ್ನುವವರ ಮಾತೂ ಒಪ್ಪತಕ್ಕುದಲ್ಲ. ಈ ಕೋಟೆಗಳನ್ನು ಇಂದು ಕಾಯುತ್ತಿರುವುದು ವೇಲ್ಸಿನ ಸರ್ಕಾರದ 'ಕಾಡು' ಎಂಬ ಸಂಸ್ಥೆ. ಅವರ ನುಡಿಯಲ್ಲಿ ಆ ಹೆಸರಿಗೆ ಕಾಪಾಡು ಎಂದೇ ಅರ್ಥ. ಕಟ್ಟಿದವನು ಯಾರನ್ನು ಹೊರಗಿಡಲು ಕಟ್ಟಿದನೋ ಅವರ ಮೊಮ್ಮಕ್ಕಳೇ ಬಾಗಿಲಲ್ಲಿ ಕುಳಿತು ಟಿಕೀಟು ಕೊಡುತ್ತಾರೆ. ಕೆನಾರ್ವನ್ನಿನ ಗೋಡೆಯೊಳಗಿನ ಬೀದಿಗಳಲ್ಲಿ ಈಗ ಅಂಗಡಿಯವನೂ ಶಾಲೆಯ ಮಗುವೂ ವೆಲ್ಷ್ ನುಡಿಯನ್ನು ಆಡುತ್ತಾರೆ. ಮನುವು ಗಿರಿದುರ್ಗವನ್ನು ಶ್ರೇಷ್ಠವೆಂದನು. ಶಾಂತಿಪರ್ವದಲ್ಲಿ ಭೀಷ್ಮನು ಮನುಷ್ಯದುರ್ಗವೇ ಎಲ್ಲಕ್ಕಿಂತ ದುಸ್ತರವೆಂದನು. ಕೆನಾರ್ವನ್ನಿನ ಪೇಟೆಯಲ್ಲಿ ಅರ್ಧಗಂಟೆ ನಿಂತವನಿಗೆ ಭೀಷ್ಮನ ಪಕ್ಷವೇ ಸರಿಯೆಂದು ತೋರೀತು. ಅಂತಹ ಸ್ಥಳದಲ್ಲಿ ಪರದೇಶದವನು ಬಂದು ಅಳುವುದು ಆ ಜನರಿಗೂ ಬೇಡವಾದ ಉಪಚಾರ.

ನಿಜವಾದ ದೋಷವಿರುವುದು ನಲಿವಿನಲ್ಲಿ ಅಲ್ಲ, ಬೆರಗಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋಟೆಯ ಕೆಲಸದಲ್ಲಿ ಅರ್ಧಭಾಗವನ್ನು ಗೋಡೆಯು ಮಾಡುತ್ತದೆ, ಉಳಿದರ್ಧವನ್ನು ಅದನ್ನು ನೋಡುವವನ ಎದೆಯು ಮಾಡುತ್ತದೆ. ಕೆನಾರ್ವನ್ನಿನ ಬುರುಜುಗಳನ್ನು ದುಂಡಗೆ ಕಟ್ಟದೆ ಹಲವು ಮೂಲೆಗಳಾಗಿ ಕಟ್ಟಿ, ಗೋಡೆಯಲ್ಲಿ ಬಣ್ಣಬಣ್ಣದ ಕಲ್ಲಿನ ಪಟ್ಟೆಗಳನ್ನು ಇಟ್ಟಿದ್ದಾರೆ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗಳ ಗೋಡೆಯನ್ನು ನೆನಪಿಗೆ ತರಲೆಂದೇ ಹೀಗೆ ಮಾಡಿದರೆಂಬುದು ಹಲವು ವಿದ್ವಾಂಸರ ಮತ. ಪಟ್ಟೆಯು ಬಾಣವನ್ನು ತಡೆಯದು. ಅದು ಕಣ್ಣಿಗಾಗಿ ಇಟ್ಟದ್ದು. ನೋಡಿದವನು ಅಬ್ಬಾ ಎಂದು ತನ್ನ ಅಲ್ಪತ್ವವನ್ನು ನೆನೆಯಬೇಕು; ಅಷ್ಟಾದರೆ ದೊರೆಯ ಕೆಲಸವು ಕತ್ತಿಯಿಲ್ಲದೆಯೇ ಆದಂತೆ. ಏಳುನೂರು ವರ್ಷಗಳ ಮೇಲೆ ಬಂದ ತಂದೆಯು ಮಕ್ಕಳನ್ನು ನಿಲ್ಲಿಸಿ, ಎಷ್ಟು ಎತ್ತರ ನೋಡಿರಿ, ಎಷ್ಟು ದಪ್ಪ ನೋಡಿರಿ ಎಂದು ಅಷ್ಟನ್ನೇ ತೋರಿಸಿ ಹಿಂದಿರುಗಿದರೆ, ಅವನು ಅರಿಯದೆ ಎಡ್ವರ್ಡನ ಊಳಿಗವನ್ನು ಮಾಡಿದಂತಾಗುತ್ತದೆ. ಅದಕ್ಕಿಂತ ಆ ಹುಡುಗನೇ ವಾಸಿ. ಕಾವಲುಗಾರನು ಬಿಲ್ಲು ಹಿಡಿದು ನಿಲ್ಲುತ್ತಿದ್ದ ಕಿಂಡಿಯಲ್ಲಿ ಮುಖವಿಟ್ಟು ಅವನು ಅಕ್ಕನಿಗೂ ಹೆದರದವನಂತೆ ಕೂಗುತ್ತಾನೆ, ಮೆಟ್ಟಿಲಲ್ಲಿ ಓಡುತ್ತಾನೆ, ಗೋಡೆಗೆ ಕಿಂಚಿತ್ತೂ ಗೌರವವನ್ನು ತೋರುವುದಿಲ್ಲ. ಕೋಟೆಯನ್ನು ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಸೋಲಿಲ್ಲ.

ಆದರೆ ಬೆರಗನ್ನು ಬಿಟ್ಟುಬಿಡುವುದು ಮನುಷ್ಯನಿಗೆ ಸಾಧ್ಯವೇ? ಬಿಡಬೇಕಾದದ್ದೂ ಇಲ್ಲ. ಆದಿಕಾವ್ಯದ ಸುಂದರಕಾಂಡದಲ್ಲಿ ಹನುಮಂತನು ರಾತ್ರಿಯ ಹೊತ್ತು ಲಂಕೆಯನ್ನು ಹೊಗುತ್ತಾನೆ. ಅದರ ಪ್ರಾಕಾರಗಳನ್ನೂ ಮನೆಗಳನ್ನೂ ಪುಷ್ಪಕವಿಮಾನವನ್ನೂ ಕಂಡು ಅವನು ಆಶ್ಚರ್ಯಪಡುತ್ತಾನೆ. ಮುಂದೆ ಸಭೆಯಲ್ಲಿ ಶತ್ರುವಾದ ರಾವಣನ ತೇಜಸ್ಸನ್ನೂ ಮನಸ್ಸಿನಲ್ಲಿ ಮೆಚ್ಚುತ್ತಾನೆ. ಆ ಮೆಚ್ಚುಗೆಯನ್ನು ಯಾವ ವ್ಯಾಖ್ಯಾನಕಾರನೂ ತಪ್ಪೆಂದಂತಿಲ್ಲ. ಏಕೆಂದರೆ ಪ್ರತಿಯೊಂದು ಅಂಕಣವನ್ನು ದಾಟುವಾಗಲೂ ಅವನು ಹುಡುಕುತ್ತಿದ್ದುದು ಸೆರೆಯಲ್ಲಿದ್ದವಳನ್ನು. ಚಿನ್ನದ ಊರಿನಲ್ಲಿ ಅವಳು ಚಿನ್ನದ ಮನೆಯಲ್ಲಿ ಸಿಕ್ಕಲಿಲ್ಲ, ಮರದ ಬುಡದಲ್ಲಿ ಸಿಕ್ಕಿದಳು. ದುರ್ಗವನ್ನು ಹೊಕ್ಕವನು ನೋಡಬೇಕಾದ ರೀತಿಯು ಇದು.

ನಮ್ಮ ದೃಷ್ಟಾಂತದ ಸಂಸಾರವು ಇನ್ನೂ ಹಾಗೆ ನೋಡಿರಲಿಲ್ಲ. ತಂದೆಯು ಕೊಂಡ ಕೈಪಿಡಿಯಲ್ಲಿ ನಕ್ಷೆಯ ಹಾಳೆ ಮಾತ್ರ ಮಾಸಿತ್ತು. ಹೀಗೆ ಅವರು ಪೊವಿಸ್‌ಗೆ ಬಂದರು.

ಪೊವಿಸ್ ಎಡ್ವರ್ಡನದಲ್ಲ, ವೇಲ್ಸಿನ ಅರಸರೇ ಕಟ್ಟಿದ ಕೋಟೆ, ಮುಂದೆ ಶ್ರೀಮಂತರ ಅರಮನೆಯಾಯಿತು. 1952ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. ಉದ್ಯಾನದ ಮೆಟ್ಟಿಲುಗಳಲ್ಲಿ ಹೂವು ತುಂಬಿರುತ್ತದೆ. ಅದನ್ನು ನೋಡಿ ಒಳಕ್ಕೆ ಹೋದ ಕನ್ನಡಿಗನು ಒಂದು ಕೋಣೆಯಲ್ಲಿ ಥಟ್ಟನೆ ನಿಲ್ಲುತ್ತಾನೆ. ಎದುರಿಗಿರುವುದು ಶ್ರೀರಂಗಪಟ್ಟಣ. ಹೂಬಳ್ಳಿಗಳನ್ನು ಅಚ್ಚೊತ್ತಿದ ಅರಿವೆಯ ಟಿಪ್ಪು ಸುಲ್ತಾನನ ಡೇರೆ. ಅವನ ಸಿಂಹಾಸನದ ಮೇಲಿದ್ದ, ರತ್ನ ಕೆತ್ತಿದ ಚಿನ್ನದ ಹುಲಿಯ ತಲೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ಎಡ್ವರ್ಡ್ ಕ್ಲೈವ್, ಪ್ಲಾಸಿಯ ಕ್ಲೈವನ ಮಗ. ಅವನ ಹೆಂಡತಿ ಹೆನ್ರಿಯೆಟ್ಟಾ ಪೊವಿಸ್ ಮನೆತನದ ಹೆಣ್ಣು. ಆ ಡೇರೆಯನ್ನು ಮುಂದೆ ಪೊವಿಸಿನ ತೋಟದ ಔತಣಗಳಲ್ಲಿ ಚಪ್ಪರವಾಗಿ ಎತ್ತುತ್ತಿದ್ದರಂತೆ.

ಇಲ್ಲಿ ತಾಯಿಯ ಮುಖವು ಬಾಡಿತು, ತಂದೆಯು ಮಾತನಾಡಲಿಲ್ಲ. ಕಾನ್ವಿಯಲ್ಲಿ ನಗುತ್ತಿದ್ದವರು ಇಲ್ಲೇಕೆ ಮೌನವಾದರು? ಉತ್ತರವು ಸ್ಪಷ್ಟ, ಅಲ್ಲಿ ಪರರ ಮನೆ, ಇಲ್ಲಿ ತಮ್ಮದು. ಶೋಕಕ್ಕೂ ಗಡಿಯುಂಟೆಂದು ಆಯಿತು. ತಮ್ಮದೆಂಬ ಮಾತನ್ನಾದರೂ ಎಚ್ಚರದಿಂದ ಆಡಬೇಕು. ಶ್ರೀರಂಗಪಟ್ಟಣದ ಗೋಡೆಯ ಒಳಗೂ ಸೆರೆಯವರಿದ್ದರು. ಕೊಡಗಿನಿಂದ ಹಿಡಿದು ತಂದವರ ಸಂತತಿಗೆ ಆ ಹುಲಿಯ ತಲೆಯನ್ನು ಕಂಡು ಬರುವ ನೆನಪು ಬೇರೆ. ಒಂದೇ ಕೋಟೆಯು ಒಬ್ಬನಿಗೆ ಲಂಕೆ, ಇನ್ನೊಬ್ಬನಿಗೆ ಅಯೋಧ್ಯೆ.

ತಾಯಿಯು ಮಗಳಿಗೆ ಇನ್ನೊಂದು ಸಂಗತಿಯನ್ನು ಹೇಳಿದಳು. ಪಟ್ಟಣವು ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಹೊರಟು, ಡೇರೆಗಳು, ಆನೆಗಳು, ಎತ್ತುಗಳು, ನೂರಾರು ಆಳುಗಳ ದೊಡ್ಡ ಸಾರ್ಥದೊಡನೆ ಬೆಂಗಳೂರನ್ನೂ ಶ್ರೀರಂಗಪಟ್ಟಣವನ್ನೂ ನೋಡಿಕೊಂಡು ಹಲವು ತಿಂಗಳು ಸಂಚಾರ ಮಾಡಿದಳು. ಕಿರಿಯವಳಾದ ಷಾರ್ಲಟ್ ಆಗ ಹದಿಮೂರರ ಹೊಸ್ತಿಲಲ್ಲಿದ್ದಳು, ದಿನಚರಿಯನ್ನೂ ಬರೆದಿಟ್ಟಳು. ಸಾರ್ಥವೆಂದರೂ ಕ್ಯಾರವಾನ್ ಎಂದರೂ ಮೂಲಾರ್ಥ ಒಂದೇ. ಮಕ್ಕಳೊಡನೆ ಸಂಚರಿಸುವ ಮನೆಯನ್ನು ಕಟ್ಟಿಕೊಂಡು ಸೋತವರ ಕೋಟೆಯನ್ನು ನೋಡಲು ಹೋದ ಸಂಸಾರ ಅದು.

"ಆ ಹುಡುಗಿ ಹೋದಾಗ ಕೋಟೆಯ ಮಕ್ಕಳು ಎಲ್ಲಿದ್ದರು?" ಎಂದು ಮಗಳು ಕೇಳಿದಳು.

ಟಿಪ್ಪುವಿನ ಮಕ್ಕಳು ವೆಲ್ಲೂರಿನ ಕೋಟೆಯಲ್ಲಿ ಸೆರೆಯಲ್ಲಿದ್ದರು. ಅವರಲ್ಲಿ ಇಬ್ಬರು 1792ರ ಸಂಧಿಯಲ್ಲಿ ಇನ್ನೂ ಎಳೆಯ ಹುಡುಗರಾಗಿದ್ದಾಗಲೇ ಒತ್ತೆಯಾಳುಗಳಾಗಿ ಹೋಗಿ ಬಂದಿದ್ದವರು. ತಾಯಿಯು ಅಷ್ಟನ್ನು ಹೇಳಿದಳು.

"ಅದನ್ನು ಆ ಹುಡುಗಿಗೆ ಅವರ ಅಮ್ಮ ಹೇಳಿದ್ದರೇ?"

ಇದಕ್ಕೆ ಯಾರೂ ಉತ್ತರ ಕೊಡುವಂತಿರಲಿಲ್ಲ. ಹುಡುಗಿಯು ಸ್ವಲ್ಪ ಹೊತ್ತು ಡೇರೆಯನ್ನು ನೋಡಿ, "ಅಪ್ಪ, ಹಾಗಾದರೆ ಮೊದಲು ನೋಡಿದೆವಲ್ಲ, ಎಂಟು ಬುರುಜಿನದು, ಅಲ್ಲಿಯ ಮಕ್ಕಳು ಏನಾದರು?" ಎಂದಳು.

ಆ ರಾತ್ರಿ ಗಾಲಿಮನೆಯಲ್ಲಿ ದೀಪವು ತಡವಾಗಿ ಆರಿತು. ತಂದೆಯು ಪುಸ್ತಕವನ್ನು ತೆರೆದು ಓದಿ ಹೇಳಬೇಕಾಯಿತು. ಲುವೆಲಿನ್ನನಿಗೆ ಗ್ವೆನ್‌ಲಿಯನ್ ಎಂಬ ಒಬ್ಬಳೇ ಮಗಳು. 1282ರಲ್ಲಿ ಅವಳು ಹುಟ್ಟಿದಾಗಲೇ ತಾಯಿ ತೀರಿಕೊಂಡಳು. ಅದೇ ವರ್ಷ ತಂದೆಯೂ ಹೋದನು. ತೊಟ್ಟಿಲ ಕೂಸನ್ನು ಇಂಗ್ಲೆಂಡಿನ ಸೆಂಪ್ರಿಂಗ್‌ಹ್ಯಾಮ್ ಎಂಬಲ್ಲಿಯ ಸಂನ್ಯಾಸಿನಿಯರ ಮಠಕ್ಕೆ ಒಯ್ದು ಬಿಟ್ಟರು. ಅವಳು 1337ರಲ್ಲಿ ಸಾಯುವವರೆಗೆ ಅಲ್ಲಿಯೇ ಇದ್ದಳು. ಎಡ್ವರ್ಡನ ಮಗನು ಹುಟ್ಟಿದ್ದು 1284ರಲ್ಲಿ, ಕೆಲಸವು ಇನ್ನೂ ನಡೆಯುತ್ತಿದ್ದ ಕೆನಾರ್ವನ್ನಿನಲ್ಲಿ. ಅವನೂ ಕಡೆಗೆ ರಾಜ್ಯವನ್ನು ಕಳೆದುಕೊಂಡು 1327ರಲ್ಲಿ ಬರ್ಕ್ಲಿ ಎಂಬ ಕೋಟೆಯ ಸೆರೆಯಲ್ಲಿ ಸತ್ತನು. ವೇಲ್ಸಿನ ಬೆಟ್ಟಗಳಲ್ಲಿ ಒಂದಕ್ಕೆ 2009ರಲ್ಲಿ ಗ್ವೆನ್‌ಲಿಯನ್ನಳ ಹೆಸರನ್ನು ಇಟ್ಟಿದ್ದಾರೆ.

ದಾವಿದನ ಇಬ್ಬರು ಗಂಡುಮಕ್ಕಳನ್ನು 1283ರಲ್ಲಿ ಬ್ರಿಸ್ಟಲ್ ಕೋಟೆಯಲ್ಲಿ ಸೆರೆಯಿಟ್ಟರು. ಒಬ್ಬನು ನಾಲ್ಕು ವರ್ಷಗಳಲ್ಲಿ ಸತ್ತನು. ಓವೈನ್ ಎಂಬ ಇನ್ನೊಬ್ಬನು ಸೆರೆಯಲ್ಲಿಯೇ ಬೆಳೆದನು. ರಾತ್ರಿಯ ಹೊತ್ತು ಅವನನ್ನು ಕಬ್ಬಿಣದ ಪಟ್ಟಿ ಬಿಗಿದ ಮರದ ಪಂಜರದಲ್ಲಿ ಇಡತಕ್ಕದ್ದೆಂದು 1305ರಲ್ಲಿ ದೊರೆಯ ಅಪ್ಪಣೆಯಾಯಿತು. 1325ರಲ್ಲಿಯೂ ಅವನು ಇನ್ನೂ ಸೆರೆಯಲ್ಲಿದ್ದನು.

"ಪಂಜರ ಎಷ್ಟು ದೊಡ್ಡದಿತ್ತು?" ಎಂದು ಹುಡುಗನು ಮೇಲಿನ ಮಂಚದಿಂದ ಕೇಳಿದನು.

ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ. ಹುಡುಗನು ಮಲಗಿದ ಹಾಗೆಯೇ ಎರಡು ಕೈಗಳನ್ನೂ ಚಾಚಿದನು. ಒಂದು ಕೈ ಗೋಡೆಗೆ ತಗುಲಿತು, ಇನ್ನೊಂದು ಮಂಚದ ಅಂಚಿನ ಹಲಗೆಗೆ. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಕೆಳಗಿಳಿದು ಬಂದು ಅಕ್ಕನ ಪಕ್ಕದಲ್ಲಿ ಮಲಗಿದನು.